ರಾತ್ರಿ ಮನೆಗೆ ಬರೋರ ಲೆಕ್ಕ

ಬಂಗಾರಪೇಟೆಯ ನಮ್ಮ ಹೈಸ್ಕೂಲಿನ ಸಮಾಜ ಪಾಠದ ಮೇಷ್ಟ್ರು ಕಳೆದ ಆಷಾಢದಲ್ಲಿ ತೀರಿಕೊಂಡರು. ಸಂಚಿಕೆಗೆ ನೀವೇ ಬರೆಯಬೇಕು ಎಂದು ಶಾಲೆಯವರು ಕೇಳಿದಾಗ ಬೇಡವೆನ್ನಲಿಲ್ಲ. ಅವರ ಶಿಷ್ಯರಲ್ಲಿ ಜನಸಂಖ್ಯೆಯ ಲೆಕ್ಕ ಹಿಡಿದೇ ಹೊಟ್ಟೆ ಹೊರೆದವನು ನಾನೊಬ್ಬನೇ ಎಂಬ ಜಂಬವೂ ಸ್ವಲ್ಪ ಇದೆ. ಪುಸ್ತಕದಿಂದ ಅವರು ಏನು ಪಾಠ ಮಾಡಿದರೋ, ಒಂದಕ್ಷರ ನೆನಪಿಲ್ಲ.

1990ರಲ್ಲಿ ಜನಗಣತಿಗೆ ಮುಂಚಿನ ಮನೆಪಟ್ಟಿ ಕೆಲಸ ಅವರ ಹೆಗಲಿಗೆ ಬಿದ್ದಿತ್ತು. ಶಾಲೆ ಬಿಟ್ಟ ಮೇಲೆ ಜಾಜಿನ ಡಬ್ಬಿ ಹಿಡಿದು ಬಾಗಿಲುಗಳ ಮೇಲೆ ನಂಬರು ಬರೆಯುತ್ತ ಹೋಗುವರು. ನಮ್ಮ ಪಟಾಲಂ ಹಿಂದೆಯೇ ಹೋಗಿ, ಒದ್ದೆ ಬಟ್ಟೆಯಲ್ಲಿ ಒರೆಸಿ, 17ನ್ನು 71 ಮಾಡಿತು. ಬೀದಿಗೆ ಬೀದಿಯೇ ಉಲ್ಟಾಪಲ್ಟಾ! ಮಾರನೇ ದಿನ ಬೆತ್ತ ಬರಲಿಲ್ಲ, ಡಬ್ಬಿ ನಮ್ಮ ಕೈಗೇ ಬಂತು. ಬಿಸಿಲಲ್ಲಿ ನಾವು ಮತ್ತೆ ಬರೆಯುತ್ತಿದ್ದರೆ ಅವರು ಜಗಲಿ ಮೇಲೆ ಕೂತು ಬೀಡಿ ಸೇದುತ್ತ, "ಒಂದೇ ಹೊಸಿಲೊಳಗೆ ಎರಡು ಒಲೆ ಉರಿದರೆ ಎರಡು ಸಂಸಾರ. ಬಿಟ್ಟುಹೋದೋರು ಸರ್ಕಾರದ ಪಾಲಿಗೆ ಹುಟ್ಟೇ ಇಲ್ಲ ಕಣ್ರೋ" ಎಂದು ಬೈಯುತ್ತಿದ್ದರು.

ಇನ್ನೊಂದು ದಿನ ತರಗತಿಯಲ್ಲಿ, "ನಿಮ್ಮಮ್ಮ ಇದೇ ಊರೋಳೇನೋ?" ಎಂದು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳಿದರು. ಮುಳಬಾಗಿಲು, ಮಾಲೂರು, ಕುಪ್ಪಂ, ಮದನಪಲ್ಲಿ. ಹೆಚ್ಚುಕಡಿಮೆ ಎಲ್ಲರ ತಾಯಂದಿರೂ ಹೊರಗಿನವರೇ. "ನೋಡಿ, ವಲಸೆ ಅಂದ್ರೆ ಗಂಟುಮೂಟೆ ಕಟ್ಟಿ ಕೂಲಿಗೆ ಹೋಗೋ ಗಂಡಸೇ ಅಲ್ಲ. ದೇಶದಲ್ಲಿ ಹೆಚ್ಚು ಜಾಗ ಬದಲಿಸೋದು ಮದುವೆಯಾಗಿ ಹೋಗೋ ಹೆಂಗಸರು." ಊರು ಬಿಟ್ಟ ಕಾರಣ ಏನು ಎಂಬ ಪ್ರಶ್ನೆ ಗಣತಿಗೆ ಸೇರಿದ್ದೇ 1981ರಲ್ಲಿ ಎಂದೂ ಆಗಲೇ ಹೇಳಿದ್ದರು. ಜೊತೆಗೆ ಒಂದು ತಕರಾರು: ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲಲ್ಲಿ ಬೆಳಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಬರೋರು ಯಾವ ವಲಸೆ ಲೆಕ್ಕಕ್ಕೂ ಸಿಗುವುದಿಲ್ಲ, ಹಾಗಾದರೆ ಅವರಿಗೆ ಬೋಗಿ ಎಷ್ಟು ಬೇಕೆಂದು ಯಾರು ಹೇಳಬೇಕು?

2001ರ ಫೆಬ್ರವರಿಯಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಆ ರೈಲಿನಲ್ಲಿ ನಿಲ್ಲಲೂ ಜಾಗವಿಲ್ಲದಾಯಿತು. ಮೇಷ್ಟ್ರ ಪ್ರಶ್ನೆಯನ್ನು ನಾನು ಎಷ್ಟೋ ಸಭೆಗಳಲ್ಲಿ ನನ್ನದೇ ಎಂಬಂತೆ ಕೇಳಿ ಭೇಷ್ ಅನ್ನಿಸಿಕೊಂಡಿದ್ದೇನೆ, ಅದು ಬೇರೆ ಮಾತು.

ಈಗಿನ ಮಕ್ಕಳಿಗೆ 'ಜನಸಂಖ್ಯಾ ಸ್ಫೋಟ' ಎಂಬ ಚಾರ್ಟು ಅಂಗಡಿಯಲ್ಲೇ ರೆಡಿ ಸಿಗುತ್ತದೆ. ಅಂಟಿಸಿದರೆ ಪ್ರಾಜೆಕ್ಟ್ ಮುಗಿಯಿತು. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ, 1.7ಕ್ಕೆ ಇಳಿದಿದೆ ಎಂದು ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿ ವರ್ಷಗಳಾದವು. ಶಾಲೆಗಳಲ್ಲಿ ಮಾತ್ರ ಸ್ಫೋಟ ನಿಂತಿಲ್ಲ. ಮೇಷ್ಟ್ರುಗಳನ್ನು ದೂರಿ ಫಲವಿಲ್ಲ, ಅವರಿಗೆ ಆ್ಯಪ್‌ ತುಂಬಿಸುವುದರಲ್ಲೇ ಹೊತ್ತು ಹೋಗುತ್ತದೆ.

ಕಚೇರಿಗಳದ್ದೂ ಅದೇ ಕಥೆ. ಕೋಲಾರ ಜಿಲ್ಲೆ ಎಂದರೆ ಕಡತದಲ್ಲಿ ಇವತ್ತಿಗೂ 15,36,401 ಜನ. ಅದು 2011ರ ಎಣಿಕೆ. ನರಸಾಪುರಕ್ಕೆ ಹೋಂಡಾ ಕಾರ್ಖಾನೆ ಬಂದದ್ದು 2013ರಲ್ಲಿ. ಅದಾದ ಮೇಲೆ ಒಡಿಶಾ, ಬಿಹಾರದ ಕಡೆಯಿಂದ ಬಂದು ಶೀಟಿನ ರೂಮುಗಳಲ್ಲಿ ಪಾಳಿ ಮೇಲೆ ಮಲಗುವ ಹುಡುಗರು ಆ ಸಂಖ್ಯೆಯಲ್ಲಿ ಎಲ್ಲಿದ್ದಾರೆ? ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಎಂಬುದು ನಿಯಮ. ಆ 30,000ದಲ್ಲಿ ಇವರನ್ನೂ ಸೇರಿಸಿ ಎಂದು ಬರೆದ ನನ್ನ ಟಿಪ್ಪಣಿ, 'ಗಣತಿಯ ಅಂಕಿ ಬಂದ ನಂತರ ಮಂಡಿಸಿ' ಎಂಬ ಷರಾ ಹೊತ್ತು ವಾಪಸ್ ಬಂದಿದೆ. ಗಣತಿ 2027ಕ್ಕೆ.