ಒಸಡಿನ ಬಣ್ಣ ಯಾವುದು?

ನಾವು ಐವರು ಗೆಳತಿಯರು. ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಉಳಿದವರು ಚಳ್ಳಕೆರೆ, ಹಿರಿಯೂರು, ಹರಿಹರ ಮತ್ತು ಹೊಸದುರ್ಗದ ಕಡೆಯವರು. ಕಥೆ ಬರೆಯುವ ಆಸೆಯಿಂದ ಫೋನಿನಲ್ಲಿ ಪರಿಚಯವಾಗಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತ ಓದುತ್ತ ಹತ್ತಿರವಾದೆವು. ಆದರೆ ನಮ್ಮ ದಿನನಿತ್ಯದ ಮಾತಿನಲ್ಲಿ ಕಥೆಯ ಪಾಲು ಬಹಳ ಕಡಿಮೆ. ಹಿರಿಯೂರಿನವಳ ಕೂಸು ರಾತ್ರಿ ಎಷ್ಟು ಸಲ ಎದ್ದಿತು, ಚಳ್ಳಕೆರೆಯವಳ ನಾಯಿ ಏನು ತಿಂದಿತು, ಹರಿಹರದವಳ ಕಚೇರಿಯಲ್ಲಿ ಯಾರು ಏನೆಂದರು ಎಂಬುದೇ ಹೆಚ್ಚು. "ಕಥೆ ಬರೀತೀವಿ ಅಂತ ಸೇರ್ಕೊಂಡು ಬರೀ ಕೂಸು, ನಾಯಿ ಅಂತ ಮಾತಾಡ್ತೀರಲ್ಲ" ಎಂದು ಮನೆಯಲ್ಲಿ ಕೇಳುವುದುಂಟು. ನನ್ನ ನಂಬಿಕೆ ಬೇರೆ. ನಮ್ಮ ಬರವಣಿಗೆ ಏನಾದರೂ ಸುಧಾರಿಸಿದ್ದರೆ ಅದು ಈ ಮಾತುಗಳಿಂದಲೇ.

ಚಳ್ಳಕೆರೆಯವಳ ನಾಯಿಯ ವಿಷಯವನ್ನು ಮೊದಲು ಹೇಳಬೇಕು. ಅವಳದು ಈರುಳ್ಳಿ ಬೆಳೆಯುವ ಮನೆ. ಚಿತ್ರದುರ್ಗ ಜಿಲ್ಲೆಯಲ್ಲಿ ಈರುಳ್ಳಿ ಕೀಳುವ ಹಂಗಾಮೆಂದರೆ, ಮಾರಲು ಬಾರದ ಒಡಕು ಗಡ್ಡೆಗಳೆಲ್ಲ ಬೆಳೆದವರ ಅಡುಗೆಮನೆಗೇ ಬರುತ್ತವೆ. ಸಾರು, ಪಲ್ಯ, ಒಗ್ಗರಣೆ ಎಲ್ಲದರಲ್ಲೂ ಅದರದೇ ದರ್ಬಾರು. ನಾಯಿಗೂ ಅದೇ ಸಾರಿನಲ್ಲಿ ಕಲಸಿದ ಮುದ್ದೆ. ಒಂದು ಸಂಜೆ ಅವಳು, "ನಾಯಿ ಯಾಕೋ ಸಪ್ಪಗಿದೆ ಅಕ್ಕ" ಎಂದಷ್ಟೇ ಬರೆದಳು. ನಮ್ಮಲ್ಲಿ ಹಿರಿಯರಾದ ಹೊಸದುರ್ಗದ ಅಕ್ಕ ಪಶುವೈದ್ಯೆ. ಅವರು ಸಮಾಧಾನ ಹೇಳಲಿಲ್ಲ, ಪ್ರಶ್ನೆ ಕೇಳಿದರು. ಎಂದಿನಿಂದ ಸಪ್ಪಗಿದೆ? ನಾಲ್ಕು ದಿನದಿಂದ ಏನು ತಿಂದಿದೆ? ತುಟಿ ಮೇಲೆತ್ತಿ ನೋಡಿದರೆ ಒಸಡಿನ ಬಣ್ಣ ಯಾವುದು? ಮೂತ್ರದ ಬಣ್ಣ ಯಾವುದು? ಅವಳು ಹೋಗಿ ನೋಡಿ ಬಂದು ಬರೆದಳು: ಒಸಡು ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿದೆ, ಮೂತ್ರ ಕಡು ಕಂದು, ನಿನ್ನೆಯಿಂದ ಮೆಟ್ಟಿಲು ಹತ್ತಿಲ್ಲ, ವಾರದಿಂದ ಈರುಳ್ಳಿ ಸಾರು. ಓದಿದ ಕೂಡಲೇ ಅಕ್ಕ, "ಬೆಳಗಿನವರೆಗೆ ಕಾಯಬೇಡ, ಈಗಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗು" ಎಂದರು.

ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತದಲ್ಲಿ ಗಂಭೀರ ಬದಲಾವಣೆ ಕಾಣುತ್ತದೆ. ಅಂದರೆ 15 ಕಿಲೋ ತೂಗುವ ನಾಯಿಗೆ ಕಾಲು ಕಿಲೋಗೂ ಕಡಿಮೆ ಸಾಕು. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಅಪಾಯವೇ. ತಿಂದ ದಿನವೇ ಏನೂ ತೋರದೆ ಕೆಲವು ದಿನ ಕಳೆದ ಮೇಲೆ ಸುಸ್ತು ಕಾಣಿಸುವುದರಿಂದ, ಊಟಕ್ಕೂ ಕಾಯಿಲೆಗೂ ಸಂಬಂಧವಿದೆ ಎಂಬುದು ಮನೆಯವರಿಗೆ ಹೊಳೆಯುವುದಿಲ್ಲ. ಆ ನಾಯಿ ಬದುಕಿತು. ಹೊಸ ರಕ್ತಕಣಗಳು ಹುಟ್ಟಿಕೊಳ್ಳಲು ವಾರಗಳೇ ಬೇಕಾದ್ದರಿಂದ ಅದು ಬಹಳ ದಿನ ಹಟ್ಟಿಯ ಮೂಲೆಯಲ್ಲೇ ಮಲಗಿರುತ್ತಿತ್ತು. ಈಗ ಅದಕ್ಕೆ ಹಾಲು ಮಜ್ಜಿಗೆಯ ಮುದ್ದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡ ನಾಯಿಗೆ ಸಲ್ಲವೆಂದು ಅಕ್ಕ ಆಗಲೇ ತಿಳಿಸಿದ್ದರಿಂದ, ನಮ್ಮ ಬೀದಿಯ ಮಕ್ಕಳಿಗೂ ಅದನ್ನು ಹೇಳಿದ್ದೇನೆ.

ನನ್ನ ಮನಸ್ಸಿನಲ್ಲಿ ನಿಂತದ್ದು ಆ ಎರಡು ಸಂದೇಶಗಳ ಅಂತರ. "ಸಪ್ಪಗಿದೆ" ಎಂಬುದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಒಸಡು, ಮೂತ್ರ, ಮೆಟ್ಟಿಲು, ಸಾರು ಎಂದಾಗ ಹತ್ತಾರು ಮೈಲಿ ದೂರದಲ್ಲಿದ್ದರೂ ನಮಗೆಲ್ಲ ಆ ನಾಯಿ ಕಣ್ಣ ಮುಂದೆ ಬಂತು. ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿಗೆ ಈಗ ಸುತ್ತಲಿನ ತಾಲ್ಲೂಕುಗಳಿಂದ ಜನ ಮಕ್ಕಳನ್ನೆತ್ತಿಕೊಂಡು ಆಸ್ಪತ್ರೆಗಳಿಗಾಗಿ ಬರುತ್ತಾರೆ. "ಕೂಸು ಸರಿಯಿಲ್ಲ ಸಿಸ್ಟರ್" ಎಂದು ಅಳುವ ತಾಯಂದಿರನ್ನು ದಿನವೂ ನೋಡುತ್ತೇನೆ. ಆ ಕಳವಳದೊಳಗಿಂದ ಎಷ್ಟು ಸಲ, ಯಾವಾಗ, ಯಾವ ಬಣ್ಣ ಎಂಬುದನ್ನು ಮೆತ್ತಗೆ ಕೇಳಿ ಹೊರತೆಗೆಯುವುದು ನನ್ನ ಕೆಲಸದ ಮುಖ್ಯ ಭಾಗ. ಹಾಗೆ ಕೇಳಿಸಿಕೊಂಡವರು ಸ್ವಲ್ಪ ಹೊತ್ತಿಗೆ ತಾವೇ ನಿಧಾನವಾಗಿ, ಸ್ಪಷ್ಟವಾಗಿ ಹೇಳತೊಡಗುತ್ತಾರೆ.

ಹಿರಿಯೂರಿನವಳ ಮಗಳಿಗೆ ಆರು ತಿಂಗಳು ತುಂಬಿದಾಗ ಮಾತೆಲ್ಲ ರಾಗಿ ಸರಿಯ ಸುತ್ತಲೇ ತಿರುಗಿತು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಆಮೇಲೆ ಹಾಲಿನ ಜೊತೆಗೆ ಮೆತ್ತನೆಯ ಆಹಾರ ಎಂಬುದು ವೈದ್ಯರು ಹೇಳುವ ಕ್ರಮ. ರಾಗಿಯನ್ನು ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವ ನಮ್ಮ ಅಜ್ಜಿಯರ ಪದ್ಧತಿ ಇಂದಿಗೂ ಸರಿಯಾದದ್ದೇ. ಮೊಳಕೆಯಾದ ರಾಗಿ ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ಅದಕ್ಕೆ ಉಪ್ಪು, ಸಕ್ಕರೆ ವರ್ಷ ತುಂಬುವವರೆಗೆ ಬೇಡ. ಜೇನುತುಪ್ಪವಂತೂ ಬೇಡವೇ ಬೇಡ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಮುಟ್ಟಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಜೇನಿನಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು, ಅದರಿಂದ ಸ್ನಾಯುಗಳೆಲ್ಲ ಸಡಿಲಬಿದ್ದು ಉಸಿರಾಟಕ್ಕೂ ತೊಂದರೆಯಾಗಬಹುದು. ಅಪರೂಪದ ಕಾಯಿಲೆ, ಆದರೆ ಬಂದರೆ ಕಠಿಣ. ಅತ್ತೆಯವರ ಮನಸ್ಸು ನೋಯದಂತೆ ಇದನ್ನು ಹೇಗೆ ಹೇಳುವುದೆಂದು ಅವಳು ಕೇಳಿದಳು. ನಾವೆಲ್ಲ ಸೇರಿ ಒಂದು ದಾರಿ ಹುಡುಕಿದೆವು: ರಾಗಿ ಸರಿಯ ಪೂರ್ತಿ ಉಸ್ತುವಾರಿ ಅತ್ತೆಯವರಿಗೇ ಬಿಟ್ಟು, ಜೇನಿನ ಮಾತನ್ನು ತಾಯಿ ಕಾರ್ಡ್ ಹಿಡಿದು ಲಸಿಕೆಗೆ ಹೋದಾಗ ಸಿಸ್ಟರ್ ಬಾಯಿಂದಲೇ ಅವರೆದುರು ಹೇಳಿಸುವುದು. ಅದು ಫಲಿಸಿತು. ಸರಿ ಮಾಡುವುದರಲ್ಲಿ ಆ ಅತ್ತೆಯವರಷ್ಟು ಹದ ಬಲ್ಲವರು ಇಲ್ಲವೆಂದು ಈಗ ಅವಳೇ ಬರೆಯುತ್ತಾಳೆ.

ಹರಿಹರದವಳ ವಿಷಯದಲ್ಲಿ ಕಾಯಿಲೆ ಇರಲಿಲ್ಲ, ಅರ್ಜಿ ಇತ್ತು. ಅವಳು ಕೆಲಸ ಮಾಡುವ ಖಾಸಗಿ ಸಂಸ್ಥೆಯಲ್ಲಿ ಹೆರಿಗೆ ರಜೆ 12 ವಾರ ಮಾತ್ರವೆಂದು ಹೇಳಿದ್ದರು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಗಿತ್ತು. ಅವಳು ಮೊದಲು ಬರೆದ ಪತ್ರ ಮೂರು ಪುಟದ ಸಂಕಟ. ನಾವು ಅದನ್ನು ಅರ್ಧ ಪುಟಕ್ಕೆ ಇಳಿಸಿದೆವು: ಕೆಲಸಕ್ಕೆ ಸೇರಿದ ದಿನ, ಹೆರಿಗೆಯ ನಿರೀಕ್ಷಿತ ದಿನ, ಇದು ಮೊದಲ ಮಗು ಎಂಬುದು, ಹಿಂದಿನ 12 ತಿಂಗಳಲ್ಲಿ ಕಾಯ್ದೆ ಕೇಳುವ 80 ದಿನಗಳಿಗಿಂತ ಹೆಚ್ಚು ದುಡಿದಿದ್ದೇನೆ ಎಂಬುದು. ರಜೆ ಮಂಜೂರಾಯಿತು.

ಇನ್ನು ಬರವಣಿಗೆ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರನ್ನು ನಾವು ಆಗಾಗ ನೆನೆಯುತ್ತೇವೆ. ಕುವೆಂಪು ಅವರು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಕಾವ್ಯ ಮುಗಿಯುವ ಮೊದಲೇ, 1939ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡಿದ್ದರೂ ಅದು ಅವರಿಗೇ ಸಂದಿತು. ಒಳ್ಳೆಯ ಓದುಗರೊಬ್ಬರು ಕಾಯುತ್ತಿದ್ದಾರೆಂಬ ಭಾವ ಬರೆಯುವವರಿಗೆ ಎಷ್ಟು ದೊಡ್ಡ ಬಲವೆಂದು ಇದರಿಂದ ತಿಳಿಯುತ್ತದೆ. ನಮ್ಮ ಬರಹ ಬಹಳ ಚಿಕ್ಕದು. ಆದರೂ ರಾತ್ರಿ ಪಾಳಿ ಮುಗಿಸಿ ಬಂದು ನಾನು ಒಂದು ಪುಟ ಕಳಿಸಿದರೆ, ಕೂಸಿಗೆ ಹಾಲೂಡಿಸುತ್ತ ಹಿರಿಯೂರಿನವಳು ಅದನ್ನು ಓದಿ, "ಈ ಮುದುಕಿ ಬಸ್ಸಿನಲ್ಲಿ ಎಲ್ಲಿ ಕೂತಿದ್ದಾಳೆ ಎಂದು ಕಾಣುತ್ತಿಲ್ಲ" ಎಂದು ಬರೆಯುತ್ತಾಳೆ. ಅಂಥ ಒಂದು ಸಾಲು "ಚೆನ್ನಾಗಿದೆ" ಎಂಬ ನೂರು ಮಾತಿಗಿಂತ ನನಗೆ ಬೇಕಾದದ್ದು.

ಈಗ ಚಳ್ಳಕೆರೆಯವಳು ಈರುಳ್ಳಿ ಬೆಲೆ ಕುಸಿದ ವರ್ಷದ ಕಥೆ ಬರೆಯುತ್ತಿದ್ದಾಳೆ. ಮೊದಲ ಕರಡಿನಲ್ಲಿ "ಗಂಡ ತೀವ್ರ ದುಃಖದಲ್ಲಿ ಮುಳುಗಿದ್ದನು" ಎಂದಿತ್ತು. ಹೊಸದುರ್ಗದ ಅಕ್ಕ ನಾಯಿಯ ವಿಷಯದಲ್ಲಿ ಕೇಳಿದ್ದನ್ನೇ ಇಲ್ಲಿಯೂ ಕೇಳಿದರು: ಎಂದಿನಿಂದ? ಏನು ಮಾಡುತ್ತಿದ್ದ, ಏನು ಬಿಟ್ಟ? ಅವಳು ತಿದ್ದಿದಳು. ಗಂಡ ಬೆಳಗ್ಗೆ ಎದ್ದು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ದರ ಕೇಳುವುದನ್ನು ಬಿಟ್ಟಿದ್ದಾನೆ. ತುಂಬಿದ ಚೀಲಗಳ ಬಾಯಿ ಹೊಲಿಯದೆ ದಬ್ಬಣವನ್ನು ಚಪ್ಪರದ ಗಳಕ್ಕೆ ಚುಚ್ಚಿಟ್ಟಿದ್ದಾನೆ. ಯಾರಾದರೂ ಬಂದರೆ ಮಳೆಯ ಮಾತು ತೆಗೆಯುತ್ತಾನೆ. ದುಃಖವೆಂಬ ಪದ ಕಥೆಯಲ್ಲಿ ಈಗ ಎಲ್ಲಿಯೂ ಇಲ್ಲ. ದಲ್ಲಾಳಿ ಬರುವ ಭಾಗ ಮಾತ್ರ ಇನ್ನೂ ಸಡಿಲವಾಗಿದೆ: ಅವನು ಎಷ್ಟು ಚೀಲಕ್ಕೆ ಎಷ್ಟು ಹೇಳಿದ, ಹೇಳುವಾಗ ಕೈಯಲ್ಲಿ ಏನು ಹಿಡಿದಿದ್ದ ಎಂಬುದು ಬಂದಿಲ್ಲ. ಅದನ್ನು ಕೇಳಿ ಇವತ್ತು ಬೆಳಗ್ಗೆ ಬರೆದಿದ್ದೇನೆ; ನಾಯಿಗೆ ವರ್ಷದ ರೇಬೀಸ್ ಲಸಿಕೆ ಹಾಕಿಸಿ ಬಂದ ಮೇಲೆ ಆ ಪುಟ ಕಳಿಸುತ್ತೇನೆಂದು ಅವಳು ಉತ್ತರಿಸಿದ್ದಾಳೆ.