ವಸಡಲ್ಲಿ ರಕ್ತ ಬಂದ್ರೆ ಬ್ರಷ್ ಬಿಡೋದಲ್ಲ ಮಾರಾಯ್ರೆ

"ಹಲ್ಲು ಕ್ಲೀನ್ ಮಾಡಿಸಿದ್ರೆ ಸಡಿಲ ಆಗ್ತವೆ, ರಕ್ತ ಬರೋ ಕಡೆ ಬ್ರಷ್ ಮುಟ್ಟಿಸ್ಲೇಬಾರ್ದು." ನಮ್ಮ ತೀರ್ಥಹಳ್ಳಿ ಕಡೆ ಈ ಮಾತು ಕೇಳದ ಮನೆ ಇಲ್ಲ. ನಮ್ಮ ದೊಡ್ಡಮ್ಮ ಅಂತೂ ಡಾಕ್ಟರ್ ಎದುರಿಗೇ ವಾದ ಹಾಕ್ತಾರೆ. ನಾನು ಡಿಗ್ರಿಲಿ ಮೈಕ್ರೋಬಯಾಲಜಿ ಓದಿದೋನು, ಹಂಗಾಗಿ ಇಷ್ಟು ಬರೀತಿದೀನಿ.

ವಸಡು ಹಲ್ಲಿನ ಸಂದಿಲಿ ಗಾಳಿ ಆಡದ ಜಾಗದಲ್ಲಿ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಅಂತ ಒಂದು ಬ್ಯಾಕ್ಟೀರಿಯಾ ಸೇರ್ಕೊಳುತ್ತೆ. ಅದರ ಹೊರಪದರದಲ್ಲಿರೋ ಎಲ್‌ಪಿಎಸ್ ಅನ್ನೋ ಅಣು ವಸಡಿನ ಜೀವಕೋಶದ ಮೇಲೆ ಕಾವಲಿರೋ ಟಿಎಲ್‌ಆರ್ ರಿಸೆಪ್ಟರಿಗೆ ತಗುಲಿದ್ರೆ ಸಾಕು, ಒಳಗೆ ಎನ್‌ಎಫ್-ಕಪ್ಪಾ-ಬಿ ಅನ್ನೋ ಪ್ರೋಟೀನ್ ಎದ್ದು ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನ ಆನ್ ಮಾಡುತ್ತೆ, ಐಎಲ್-1, ಐಎಲ್-6, ಐಎಲ್-8, ಟಿಎನ್‌ಎಫ್ ಅನ್ನೋ ಊತದ ಸಿಗ್ನಲ್ ಎಲ್ಲಾ ಸುರಿಯೋಕೆ ಶುರು, ರಕ್ತನಾಳ ಹಿಗ್ಗುತ್ತೆ, ಬಿಳಿ ರಕ್ತಕಣ ನುಗ್ಗುತ್ತೆ, ವಸಡು ಕೆಂಪಗೆ ಊದ್ಕೊಳುತ್ತೆ. ಇದು ಹಂಗೇ ವರ್ಷಗಟ್ಟಲೆ ನಡೆದ್ರೆ ವಸಡನ್ನ ಗಟ್ಟಿ ಹಿಡಿಯೋ ಕೊಲಾಜನ್ ನಾರು ಕರಗಿ ಹಲ್ಲು ಹಿಡ್ಕೊಂಡಿರೋ ಮೂಳೆನೂ ಸವೀತಾ ಹೋಗುತ್ತೆ. ಅಂದ್ರೆ ಹಾಳು ಮಾಡೋದ್ರಲ್ಲಿ ದೊಡ್ಡ ಪಾಲು ನಮ್ಮ ದೇಹದ್ದೇ!

ಈ ಬ್ಯಾಕ್ಟೀರಿಯಾ ಭಾರೀ ಕಿಲಾಡಿ. ಕೆಲವು ಸಲ ಬಿಳಿ ರಕ್ತಕಣ ಕರೆಯೋ ಐಎಲ್-8 ಸಿಗ್ನಲ್ ಅಡಗಿಸಿ ಅವುಗಳ ಕಣ್ಣು ತಪ್ಪಿಸುತ್ತೆ, ಜಿಂಜಿಪೈನ್ ಅನ್ನೋ ಎನ್ಜೈಮ್ ಬಿಟ್ಟು ನಮ್ಮ ಪ್ರೋಟೀನ್ ಕತ್ತರಿಸಿ ತಿನ್ನುತ್ತೆ. ಲ್ಯಾಬಲ್ಲಿ ರಕ್ತ ಬೆರೆಸಿದ ಬ್ಲಡ್ ಅಗರ್ ಪ್ಲೇಟಲ್ಲಿ ಬೆಳೆಸಿದ್ರೆ ಕಾಲೊನಿ ಕಪ್ಪಗಾಗುತ್ತೆ, ಯಾಕಂದ್ರೆ ರಕ್ತದಲ್ಲಿರೋ ಕಬ್ಬಿಣದ ಅಂಶ ಹೀಮ್ ಅದಕ್ಕೆ ಬೇಕೇಬೇಕು, ಮೈಮೇಲೆ ಕೂಡಿಟ್ಕೊಳುತ್ತೆ. ಮಳೆಗಾಲದ ಇಂಬಳದ ಜಾತಿ ಅನ್ಕೊಳ್ಳಿ. ರಕ್ತ ಬರೋ ಜಾಗ ಮುಟ್ಟದೆ ಬಿಟ್ರೆ ಅದಕ್ಕೆ ಕೂಡಿಸಿ ಊಟ ಬಡಿಸಿದಂಗೆ.

1965ರಲ್ಲಿ ಡೆನ್ಮಾರ್ಕಲ್ಲಿ ಹರಾಲ್ಡ್ ಲೋ ಅನ್ನೋ ಹಲ್ಲಿನ ಸಂಶೋಧಕರು ಮತ್ತವರ ಜೊತೆಯೋರು ವಸಡು ಚೆನ್ನಾಗಿದ್ದೋರ ಹತ್ರ ಬ್ರಷ್ ಬಿಡಿಸಿ ನೋಡಿದ್ರು. ಮೂರು ವಾರದೊಳಗೆ ಎಲ್ರಿಗೂ ವಸಡು ಊದಿತ್ತು, ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಇಳೀತು.

ಇನ್ನು ಸಡಿಲದ ವಿಷಯ. ಮೂಳೆ ಮೊದಲೇ ಹೋಗಿರುತ್ತೆ, ಗಟ್ಟಿಯಾದ ಪಾಚಿ ಮತ್ತೆ ಊತ ಸೇರಿ ಅದನ್ನ ಮುಚ್ಚಿಟ್ಟಿರುತ್ತೆ. ಕ್ಲೀನ್ ಆದ್ಮೇಲೆ ಊತ ಇಳಿದು ಸಂದಿ ಕಾಣುತ್ತೆ, ಬೈಗುಳ ಡಾಕ್ಟರಿಗೆ, ಪಾಪ.

ದೊಡ್ಡಮ್ಮನ ಕೊನೇ ಅಸ್ತ್ರ ದೊಡ್ಡಪ್ಪ, "ಇವ್ರಿಗೆ ಒಂದು ಹನಿ ರಕ್ತ ಬರಲ್ಲ ನೋಡು" ಅಂತ. ದೊಡ್ಡಪ್ಪ ಬೀಡಿ ಸೇದ್ತಾರೆ. ಬೀಡಿ ಸಿಗರೇಟ್ ಸೇದೋರಿಗೆ ವಸಡಿನ ರಕ್ತ ಕಮ್ಮಿನೇ ಬರೋದು, ಒಳಗೆ ಮೂಳೆ ಮಾತ್ರ ಬೇರೆಯವರಿಗಿಂತ ಜೋರಾಗಿ ಹೋಗ್ತಿರುತ್ತೆ. ಹಂಗಾಗಿ ಶಿವಮೊಗ್ಗದ ಡೆಂಟಿಸ್ಟ್ ಹತ್ರ ಮೊದಲು ಅವರನ್ನೇ ಕೂರಿಸ್ಬೇಕು.