ನನ್ನ ಮಂಚದ ಕೆಳಗಿನ ತೂತುಗಳು

ಅಮೆರಿಕದಲ್ಲಿ ಒಂದು ಲಾಫ್ಟ್ ಬಾಡಿಗೆಗೆ ಹಿಡಿದೆ ಅಂತ ಫೋನ್‌ನಲ್ಲಿ ಹೇಳಿದಾಗ ಅಮ್ಮನಿಗೆ ಗಾಬರಿ. "ಅಟ್ಟದ ಮೇಲೆ ಇರ್ತೀಯೇನೇ?" ಅಂದಳು. ಮೈಸೂರಿನ ನಮ್ಮ ಮನೆಯಲ್ಲಿ ಲಾಫ್ಟ್ ಅಂದರೆ ಅಡುಗೆಮನೆ ಬಾಗಿಲ ಮೇಲಿನ ಅಟ್ಟವೇ. ದಸರಾ ಗೊಂಬೆಗಳ ಪೆಟ್ಟಿಗೆ, ಹಿತ್ತಾಳೆ ಕೊಳಗ, ಮದುವೆ ಮುಂಜಿಗೆ ಮಾತ್ರ ಕೆಳಗಿಳಿಯುವ ಪಾತ್ರೆ ಎಲ್ಲ ಅಲ್ಲೇ. ನಾನಿರುವ ಊರಿನಲ್ಲಿ ಲಾಫ್ಟ್ ಅಂದರೆ ಬೇರೆ. ಹಳೇ ಕಾರ್ಖಾನೆಯ ಮಹಡಿಗಳಿಗೆ ಅಡ್ಡಗೋಡೆ ಹಾಕಿ ಮಾಡಿದ ಮನೆ: ಎತ್ತರದ ಚಾವಣಿ, ಆಳೆತ್ತರ ಮೀರಿದ ಕಿಟಕಿ, ಗಾರೆ ಸುಣ್ಣ ಕಾಣದ ಇಟ್ಟಿಗೆ ಗೋಡೆ. ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದಾಗ ಪಕ್ಕದಲ್ಲಿದ್ದ ತಾತ ಕೇಳಿದ್ದು ಒಂದೇ ಮಾತು. "ಏನು ಕಾರ್ಖಾನೆ ಮಗಾ ಅದು?"

ಬಟ್ಟೆ ಮಿಲ್ ಅಂದೆ. ತಾತ ಆಮೇಲೆ ಮಾತಾಡಲಿಲ್ಲ. ಅವರು 28 ವರ್ಷ ಕೆ.ಆರ್. ಮಿಲ್‌ನಲ್ಲಿ ನೂಲು ತೆಗೆದವರು. ಆ ಮಿಲ್ ಮುಚ್ಚಿ ಎಷ್ಟೋ ಕಾಲವಾಯಿತು. ಮಿಲ್ ಅನ್ನುವ ಪದ ನಮ್ಮ ಮನೆಯಲ್ಲಿ ಇವತ್ತಿಗೂ ಮೆಲುದನಿಯಲ್ಲೇ ಬರುತ್ತದೆ.

ಊರಿನ ಹೆಸರು ಲೋವೆಲ್. ಬಾಸ್ಟನ್‌ನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಮೆರಿಮ್ಯಾಕ್ ನದಿ ಅಲ್ಲಿ 32 ಅಡಿ ಕೆಳಕ್ಕೆ ಧುಮುಕುತ್ತದೆ. ಆ ನೀರಿಗಾಗಿಯೇ 1820ರ ದಶಕದಲ್ಲಿ ಕಾಲುವೆ ತೋಡಿ, ಸಾಲಾಗಿ ಹತ್ತಿ ಮಿಲ್‌ಗಳನ್ನು ಕಟ್ಟಿದರು. ನಾವು 1902ರಲ್ಲಿ ಮಂಡ್ಯದ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು, ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದೆವಲ್ಲ. ಲೋವೆಲ್‌ನವರ ಕಾಲಕ್ಕೆ ಆ ತಂತಿಯೇ ಇರಲಿಲ್ಲ. ನೀರು ಬೀಳುವ ಜಾಗಕ್ಕೇ ಮಿಲ್ ಬರಬೇಕಿತ್ತು, ಮಿಲ್ ಇದ್ದಲ್ಲಿಗೇ ಜನ ಬರಬೇಕಿತ್ತು. ಬಂದವರಲ್ಲಿ ಹೆಚ್ಚಿನವರು ಹಳ್ಳಿಗಳ ಹೆಣ್ಣುಮಕ್ಕಳು. ಕಂಪನಿಯ ವಸತಿಗೃಹದಲ್ಲಿದ್ದು, ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ದುಡಿದವರು. 1834ರಲ್ಲಿ ಕೂಲಿ ಕಡಿಮೆ ಮಾಡಿದ್ದಕ್ಕೆ ಅವರು ಕೆಲಸ ಬಿಟ್ಟು ಬೀದಿಗಿಳಿದರು, 1836ರಲ್ಲಿ ಊಟ ವಸತಿಯ ದರ ಏರಿಸಿದ್ದಕ್ಕೆ ಮತ್ತೊಮ್ಮೆ. ಅವರ ಕೈಗೆ ಬರುತ್ತಿದ್ದ ಹತ್ತಿ ದಕ್ಷಿಣದ ತೋಟಗಳಲ್ಲಿ ಗುಲಾಮರು ಬಿಡಿಸಿದ್ದು. ನನ್ನ ಮನೆಯ ಚೆಂದದ ಕೆಂಪು ಇಟ್ಟಿಗೆಯನ್ನು ಹೊಗಳುವವರಿಗೆ ನಾನು ಈ ಮಾತನ್ನೂ ಹೇಳದೆ ಬಿಡುವುದಿಲ್ಲ.

ಮನೆ ನೋಡಲು ಹೋದ ದಿನ ಕಣ್ಣಿಗೆ ಬಿದ್ದದ್ದು ತೊಲೆಗಳು. ನನ್ನ ಎರಡು ಕೈಯ ತೆಕ್ಕೆಗೆ ಸಿಗದಷ್ಟು ದಪ್ಪ. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ತಾತನಿಗೆ ಬೆಂಕಿಯ ಚಿಂತೆ. "ಮರದ ಅರಮನೆ 1897ರಲ್ಲಿ ಸುಟ್ಟು ಹೋಯ್ತಲ್ಲ ಮಗಾ, ಗೊತ್ತಿಲ್ವಾ?" ನ್ಯಾಯವಾದ ಪ್ರಶ್ನೆ. ಹತ್ತಿಯ ಧೂಳು, ಎಣ್ಣೆ, ದೀಪ ಮೂರೂ ಇದ್ದ ಜಾಗ ಅದು. ಅದಕ್ಕೇ ಆ ಮಿಲ್‌ಗಳನ್ನು ಕಟ್ಟಿದವರು ಸಣ್ಣ ಜಂತಿಗಳನ್ನು ಬಿಟ್ಟು, ದೂರ ದೂರಕ್ಕೆ ಭಾರೀ ತೊಲೆ ಇಟ್ಟು, ಮೇಲೆ ದಪ್ಪ ಹಲಗೆ ಹಾಸಿದರು. ಭಾರೀ ತೊಲೆಗೆ ಬೆಂಕಿ ತಗುಲಿದರೆ ಮೊದಲು ಹೊರಮೈ ಇದ್ದಿಲಾಗುತ್ತದೆ. ಆ ಇದ್ದಿಲೇ ಒಳಗಿನ ಮರಕ್ಕೆ ಕವಚ. ಕಟ್ಟಡ ಕುಸಿಯುವ ಮುಂಚೆ ಬೆಂಕಿ ಆರಿಸಲು ಹೊತ್ತು ಸಿಗುತ್ತದೆ. ಈಗ ಚಾವಣಿಯಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಕೂಡ ಇದೆ ಅಂದ ಮೇಲೆ ತಾತ ಒಪ್ಪಿದರು.

ಬಾಡಿಗೆಯ ವಿಚಾರ ನಮ್ಮ ಕಡೆಯವರು ಬಹಳ ಕೇಳುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವಳು ನಾನು. ಲೋವೆಲ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಡಿಪಾಸಿಟ್ ಒಂದು ತಿಂಗಳ ಬಾಡಿಗೆ ಮೀರುವಂತಿಲ್ಲ. ಅದನ್ನು ಬಡ್ಡಿ ಬರುವ ಪ್ರತ್ಯೇಕ ಖಾತೆಯಲ್ಲಿಡಬೇಕು, ಮನೆ ಬಿಟ್ಟ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆ ಮುಂಗಡ ಕೇಳಬಹುದು. 1978ಕ್ಕೆ ಮುಂಚಿನ ಕಟ್ಟಡವಾದರೆ ಸೀಸದ ಬಣ್ಣದ ಬಗ್ಗೆ ತಿಳಿದದ್ದನ್ನು ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿರುವವರು ಆ ಹಾಳೆಯನ್ನು ಓದದೆ ಸಹಿ ಮಾಡಬೇಡಿ.

ಕಷ್ಟವೂ ಇದೆ. ಮೇಲಿನ ಮನೆಯವರು ಕುರ್ಚಿ ಎಳೆದರೆ ನನ್ನ ತಲೆಯೊಳಗೇ ಎಳೆದಂತೆ. ಮೊದಲ ಜನವರಿಯಲ್ಲಿ ಹೀಟರ್ ಮೂರು ದಿನ ತಣ್ಣಗೆ ಬಿದ್ದಿತ್ತು. ಆ ಎತ್ತರದ ಕಿಟಕಿಯ ಸಂದಿನಿಂದ ಗಾಳಿ ಬರ್ರೆಂದು ನುಗ್ಗುತ್ತಿತ್ತು. ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಅಮ್ಮ ಕೊಟ್ಟ ಕಂಬಳಿ ಹೊದ್ದು ಅತ್ತಿದ್ದೇನೆ. ಫೋನ್ ಮಾಡಿದರೆ ಕಟ್ಟಡದ ಕಚೇರಿಯವರು ನಾಳೆ, ನಾಳೆ ಅಂದರು. ಹಗಲು 68, ರಾತ್ರಿ 64 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 20 ಮತ್ತು 18, ಇರಲೇಬೇಕೆಂಬುದು ಆ ರಾಜ್ಯದ ನಿಯಮ ಅಂತ ಸಹೋದ್ಯೋಗಿಯೊಬ್ಬಳು ಹೇಳಿದಳು. ಅದನ್ನೇ ಬರೆದು ಮೇಲ್ ಕಳಿಸಿದೆ. ಮರುದಿನ ಬೆಳಗ್ಗೆ ರಿಪೇರಿಯವರು ಬಾಗಿಲಲ್ಲಿದ್ದರು. ನಿಯಮ ಗೊತ್ತಿಲ್ಲದ ಎಷ್ಟು ಜನ ಹಾಗೇ ಚಳಿಯಲ್ಲಿ ಮಲಗಿದ್ದಾರೋ ಅಂತ ಇವತ್ತಿಗೂ ಸಂಕಟವಾಗುತ್ತದೆ.

ಆದರೂ ಆ ಕಟ್ಟಡ ನಿಂತಿದೆ, ದೀಪ ಹತ್ತುತ್ತದೆ, ಸಾಯಂಕಾಲ ಒಗ್ಗರಣೆ ವಾಸನೆ ಬರುತ್ತದೆ. ಇದು ತಾನಾಗಿ ಆದದ್ದಲ್ಲ. ಮಿಲ್‌ಗಳು ಮುಚ್ಚಿ ಊರು ಸೊರಗಿದ್ದಾಗ, 1978ರಲ್ಲಿ ಅಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಘೋಷಿಸಿ ಕಾಲುವೆ, ಮಿಲ್‌ಗಳನ್ನು ಉಳಿಸಿಕೊಂಡರು. ಪಾರಂಪರಿಕ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿ ಬಾಡಿಗೆಗೋ ವ್ಯಾಪಾರಕ್ಕೋ ಬಳಸಿದರೆ ಖರ್ಚಿನ 20% ಕೇಂದ್ರದ ಆದಾಯ ತೆರಿಗೆಯಲ್ಲಿ ಕಡಿತವಾಗುತ್ತದೆ. ಬದಲಿಗೆ ಹೊರಗಿನ ಚಹರೆ ಕೆಡಿಸುವಂತಿಲ್ಲ.

ರಜೆಗೆ ಬಂದವಳು ಮೊನ್ನೆ ಹೂವು ತರಲು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. 2016ರಲ್ಲಿ ಅದರ ಒಂದು ಭಾಗ ಬಿದ್ದಿತ್ತು. ನಮ್ಮೂರಿನದೇ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ಜೀವಗಳೇ ಹೋದವು. ಆ ಕಮಾನುಗಳ ಕೆಳಗೆ ಶಾಲೆಯ ಪುಸ್ತಕ ಕೊಂಡವಳು ನಾನು. ಅಂಗಡಿ ಸಾಲು ನೋಡುತ್ತ ನಿಂತಾಗ ಹೊಟ್ಟೆ ಉರಿಯಿತು. ಆ ಮಹಡಿಯಲ್ಲಿ ಜನ ಇದ್ದಿದ್ದರೆ, ಮಾಡಿನಲ್ಲಿ ಒಂದು ಸೋರು ಕಂಡ ದಿನವೇ ಯಾರಾದರೂ ಕೂಗಾಡುತ್ತಿದ್ದರು.

ಮನೆಗೆ ಬಂದು ತಾತನ ಪಕ್ಕ ಕೂತು ಫೋನ್‌ನಲ್ಲಿ ಫೋಟೋಗಳನ್ನು ತೋರಿಸಿದೆ. ಮೊದಲು ಲೋವೆಲ್‌ನ ಬೂಟ್ ಮಿಲ್ ಮ್ಯೂಸಿಯಮ್ಮಿನ ವಿಡಿಯೋ. ಅಲ್ಲಿ 88 ಮಗ್ಗಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟಿದ್ದಾರೆ, ನೋಡುವವರಿಗೆ ಕಿವಿಗೆ ಹಾಕಿಕೊಳ್ಳಲು ಪ್ಲಗ್ ಕೊಡುತ್ತಾರೆ. ತಾತ ವಾಲ್ಯೂಮ್ ಪೂರ್ತಿ ಹೆಚ್ಚಿಸಿ ಕಿವಿಗೆ ಹಿಡಿದರು. "ಇದು ಮಗ್ಗ. ನಮ್ಮದು ಹಿಂಗೆ ಬಡಿಯೋದಿಲ್ಲ, ಗುಂಯ್ ಅನ್ನುತ್ತೆ" ಅಂದರು.

ಆಮೇಲೆ ನನ್ನ ಮಲಗುವ ಕೋಣೆಯ ನೆಲ. ಎಣ್ಣೆ ಕುಡಿದು ಕಪ್ಪಾದ ಹಲಗೆ, ಅದರಲ್ಲಿ ಬೋಲ್ಟಿನ ತೂತುಗಳನ್ನು ಮರದ ತುಂಡಿನಿಂದ ಮುಚ್ಚಿದ ಗುರುತು. ಇಲ್ಲಿ ಮಗ್ಗ ಇತ್ತು ತಾತ ಅಂದೆ. ಅವರು ಚಿತ್ರವನ್ನು ಎರಡು ಬೆರಳಿನಿಂದ ಅಗಲಿಸಿ, ಕನ್ನಡಕ ಏರಿಸಿ, ತೂತಿನಿಂದ ತೂತಿಗೆ ಉಗುರು ಓಡಿಸಿದರು.

"ಮಗ್ಗ ಅಲ್ಲ ಮಗಾ. ಮಗ್ಗದ ಕಾಲು ಚೌಕಕ್ಕೆ ಬರುತ್ತೆ. ಇದು ನೋಡು, ಉದ್ದಕ್ಕೆ ಸಾಲು ಹೋಗಿದೆ. ನೂಲಿನ ಫ್ರೇಮು." ಮ್ಯೂಸಿಯಮ್ಮಿನಲ್ಲಿ ಓದಿದ್ದು ನೆನಪಾಯಿತು: ನೆಲಮಹಡಿಯಲ್ಲಿ ಹತ್ತಿ ಹಿಂಜುವುದು, ಅದರ ಮೇಲೆ ನೂಲು, ಅದಕ್ಕೂ ಮೇಲೆ ಮಗ್ಗ. ನನ್ನ ಮನೆ ಒಂದನೇ ಮಹಡಿಯಲ್ಲೇ ಇದೆ.

"ಎರಡು ಸಾಲಿನ ಮಧ್ಯೆ ಓಣಿ ಬಿಡ್ತಿದ್ವಿ. ದಾರ ಕಡಿದಲ್ಲಿ ಗಂಟು ಹಾಕ್ತಾ ಓಡಾಡೋಕೆ. ನಿನ್ನ ಮಂಚ ಹಾಕಿರೋದು ಆ ಓಣಿಲಿ" ಅಂದರು. ಫೋನ್ ವಾಪಸು ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು. "ಹೋದ ತಕ್ಷಣ ಟೇಪ್ ಹಿಡಿದು ಆ ಓಣಿ ಎಷ್ಟು ಅಗಲ ಇದೆ ನೋಡಿ ಹೇಳ್ತೀಯಾ? ನಮ್ಮದಕ್ಕಿಂತ ಇಕ್ಕಟ್ಟಾಗಿತ್ತೋ ಏನೋ."